ಅಕ್ಕ ಚಾರ್ಜು ಬಿಟ್ಟುಕೊಟ್ಟಿದ್ದು

ಜನವರಿ 9

ಪಂಡಿತ,

ಫೋನ್ ಇರುವಾಗ ಅಕ್ಕನಿಗೆ ಇದೇನು ಕಾಗದ ಬರೆಯೋ ಹುಚ್ಚು ಅಂತ ನಗಬೇಡ. ನಾನು ಫೋನ್ ಹಿಡಿದರೆ ಸಾಕು, ಗುಂಡ ಎಲ್ಲಿದ್ದರೂ ಓಡಿ ಬಂದು ಪಕ್ಕದಲ್ಲಿ ಕಿವಿ ಆನಿಸಿ ನಿಲ್ತಾನೆ. "ಅಣ್ಣನಾ? ನಂಗೆ ಕೊಡು" ಅಂತ ಕಿತ್ಕೋತಾನೆ. ಕೊಟ್ಟರೆ ಬಾಯೇ ಬಿಡಲ್ಲ, ನಿನ್ನ ಉಸಿರು ಕೇಳ್ತಾ ನಿಂತಿರ್ತಾನೆ. ನಲವತ್ತು ದಾಟಿದ, ಬಾಗಿಲಷ್ಟು ಎತ್ತರದ ಗಂಡಸು ಹಾಗೆ ನಿಂತರೆ ನಗೋದೋ ಅಳೋದೋ ಗೊತ್ತಾಗಲ್ಲ. ಅವನೆದುರು ಆಡೋಕಾಗದ ಮಾತು ಈಚೆಗೆ ಜಾಸ್ತಿ ಆಗಿವೆ, ಅದಕ್ಕೇ ಕಾಗದ.

ಇವತ್ತು ಮೇಟ್ರನ್ ಕರೆದು, "ಜೂನ್ ಕೊನೆಗೆ ನಿಮ್ಮ ನಿವೃತ್ತಿ ಸಿಸ್ಟರ್. ವಾರ್ಡಿನ ಚಾರ್ಜು ಯಾರಿಗೆ ಕೊಡ್ತೀರೋ ಈಗಿನಿಂದಲೇ ತಯಾರು ಮಾಡಿ" ಅಂದರು. ಗುಂಡ ಯಥಾಪ್ರಕಾರ ವಾರ್ಡಿನ ಬಟ್ಟೆಕೋಣೆಯಲ್ಲಿ ಕೂತು ಒಗೆದು ಬಂದ ಹಾಸಿಗೆ ಬಟ್ಟೆ ಮಡಚ್ತಾ ಇದ್ದ. ಅಮ್ಮ ಹೋದಮೇಲೆ ಅವನನ್ನ ಮನೆಯಲ್ಲಿ ಒಬ್ಬನೇ ಬಿಡೋಕಾಗದೆ ನಾನು ಕರ್ಕೊಂಡು ಹೋಗೋದು ನಿನಗೆ ಗೊತ್ತಲ್ಲ. ಅಲ್ಲಿಂದಲೇ ಕೂಗಿದ: "ಅಕ್ಕ, ಚಾರ್ಜ್ ಹೇಗೆ ಕೊಡ್ತೀಯ? ವೈರ್ ಹಾಕಿ ಕೊಡ್ತೀಯಾ?" ಹುಡುಗಿಯರೆಲ್ಲ ಬಿದ್ದು ಬಿದ್ದು ನಕ್ಕರು. ಮೇಟ್ರನ್ ಕೂಡ.

ಮನೆಗೆ ಬರುವಾಗ ಬಸ್ಸಲ್ಲಿ ಯೋಚನೆ ಮಾಡಿದೆ. ಆ ಮಾತನ್ನ ನಾನು ದಿನಕ್ಕೆ ಎಷ್ಟು ಸಲ ಆಡ್ತೀನೋ! ವಾರ್ಡಿಗೆ ನಾನು ಇನ್‌ಚಾರ್ಜು. ವಾಸಿಯಾದ ರೋಗಿಗೆ ಡಿಸ್ಚಾರ್ಜು. ಗಾಯದಿಂದ ಕೀವು ಸೋರಿದರೆ ಅದಕ್ಕೂ ಡಿಸ್ಚಾರ್ಜು ಅಂತಲೇ ಬರೀತೀವಿ. ಆಂಬುಲೆನ್ಸ್‌ನವನ ಚಾರ್ಜು ಬೇರೆ. ಹೊಡೆದಾಟದಲ್ಲಿ ತಲೆ ಒಡಿಸ್ಕೊಂಡು ಬಂದವನ ಮೇಲೆ ಪೊಲೀಸರ ಚಾರ್ಜ್‌ಶೀಟು. ಒಂದೇ ಮಾತು ಇಷ್ಟು ಮನೆಯಲ್ಲಿ ಚಾಕರಿ ಮಾಡುತ್ತಲ್ಲ, ಇದರ ತವರು ಯಾವುದು? ನಿಘಂಟು ಬರೆಯೋ ತಮ್ಮನಿದ್ದೂ ಕೇಳದೆ ಇರೋದು ಹೇಗೆ.

ನಾನು ಬಿಟ್ಟಮೇಲೆ ಗುಂಡ ಆ ಕೋಣೆಗೆ ಹೋಗುವಂತಿಲ್ಲ. ಅವನಿಗೆ ಇನ್ನೂ ಹೇಳಿಲ್ಲ.

ಊಟ ಹೊತ್ತಿಗೆ ಸರಿಯಾಗಿ ಮಾಡು.

ನಿನ್ನ ಅಕ್ಕ


ಜನವರಿ 24

ಅಕ್ಕಾ,

ನಿನ್ನ ಕಾಗದ ತಂದುಕೊಟ್ಟ ಕೆಳಗಿನ ಬೈಂಡಿಂಗ್ ಅಂಗಡಿಯ ಯಜಮಾನರು "ಸಾರ್, ನಿಮಗೂ ಕಾಗದ ಬರುತ್ತಾ!" ಅಂತ ಬೆರಗಾದರು. ಅವರ ಅಂಗಡಿಯ ಮೇಲಿನ ಒಂಟಿ ಕೋಣೆಯಲ್ಲಿ ನಾನಿರುವುದು ಎಷ್ಟು ವರ್ಷದಿಂದಲೋ. ನನಗೆ ಬಾಡಿಗೆ ರಸೀದಿ ಬಿಟ್ಟು ಬೇರೇನೂ ಬಂದದ್ದನ್ನು ಅವರು ನೋಡಿಲ್ಲ.

ನೀನು ಕೇಳಿದ್ದು ಸರಿಯಾದ ಹೊತ್ತಿಗೆ ಕೇಳಿದೆ. ನಾನೀಗ ನಮ್ಮ ಇಂಗ್ಲಿಷ್-ಕನ್ನಡ ನಿಘಂಟಿನ ಸಿ ಅಕ್ಷರದಲ್ಲಿದ್ದೇನೆ. ನಮ್ಮ ಕಚೇರಿಯಲ್ಲಿ ವಯಸ್ಸನ್ನು ಅಕ್ಷರದಲ್ಲಿ ಅಳೆಯುತ್ತೇವೆ. ಎ ಮುಗಿದಾಗ ತಲೆಗೂದಲು ಕಪ್ಪಗಿತ್ತು, ಬಿ ಮುಗಿಯುವಷ್ಟರಲ್ಲಿ ಕನ್ನಡಕ ಬಂತು. ಜೆಡ್ ಹೊತ್ತಿಗೆ ಯಾರಿರುತ್ತಾರೋ.

ನಿನ್ನ ಚಾರ್ಜಿನ ತವರು ಒಂದು ಗಾಡಿ. ನಂಬು. ಲ್ಯಾಟಿನ್ ಆಡುವ ಜನ ಪಕ್ಕದವರಿಂದ ಗಾಡಿಯನ್ನೂ ಕಲಿತರು, ಅದರ ಹೆಸರನ್ನೂ ಎರವಲು ತಂದರು. ಗಾಡಿಗೆ ಸಾಮಾನು ಹೇರುವುದಕ್ಕೆ ಆ ಹೆಸರಿನಿಂದಲೇ ಒಂದು ಮಾತು ಕಟ್ಟಿಕೊಂಡರು. ಅದು ಫ್ರೆಂಚರ ಬಾಯಲ್ಲಿ ಸವೆದು, ಇಂಗ್ಲಿಷಿಗೆ ಬಂದು, ಚಾರ್ಜ್ ಆಯಿತು. ಹೇರುವುದು, ಅಷ್ಟೇ ಅದರ ಮೂಲ. ಬಂದೂಕಿಗೆ ಮದ್ದು ಹೇರಿದರು, ಆಮೇಲೆ ಬ್ಯಾಟರಿಗೆ ವಿದ್ಯುತ್ತು ಹೇರಿದರು. ಗಿರಾಕಿಯ ಮೇಲೆ ಬೆಲೆ, ಕಳ್ಳನ ಮೇಲೆ ಅಪರಾಧ, ನಿನ್ನ ಹೆಗಲ ಮೇಲೆ ವಾರ್ಡು. ಡಿಸ್ಚಾರ್ಜ್ ಅಂದರೆ ಹೇರಿದ್ದನ್ನು ಇಳಿಸುವುದು. ಕಾರು, ಹಡಗಿನ ಕಾರ್ಗೋ ಎಲ್ಲ ಅದೇ ಮನೆತನ. ವ್ಯಂಗ್ಯಚಿತ್ರಕ್ಕೆ ಕ್ಯಾರಿಕೇಚರ್ ಅನ್ನುತ್ತಾರಲ್ಲ, ಅದೂ ದಾಯಾದಿಯೇ: ಮುಖದ ಮೇಲೆ ಮೂಗನ್ನು ತುಸು ಜಾಸ್ತಿ ಹೇರಿದ ಚಿತ್ರ. ನಮ್ಮ ದೊಡ್ಡ ಸಂಪಾದಕರ ಮೂಗು ನೋಡಿದರೆ ನಿನಗೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ.

ನೋಡು, ಎಷ್ಟು ಬರೆದೆ. ಭಾನುವಾರ ಇಡೀ ದಿನ ನಾನು ಬಾಯಿ ಬಿಚ್ಚಿರುವುದಿಲ್ಲ. ಸೋಮವಾರ ಬೆಳಿಗ್ಗೆ ಬಸ್ಸಲ್ಲಿ ಟಿಕೆಟ್ ಕೇಳುವಾಗ ಗಂಟಲು ಕಟ್ಟಿರುತ್ತದೆ. ಇನ್ನೊಂದು ಪದ ಕೇಳು.

ನಿನ್ನ ತಮ್ಮ


ಫೆಬ್ರವರಿ 6

ಪಂಡಿತ,

ಗಾಡಿಯ ಕಥೆ ಗುಂಡನಿಗೆ ಓದಿ ಹೇಳಿದೆ. "ಎತ್ತಿನ ಗಾಡಿನೋ ಕುದುರೆ ಗಾಡಿನೋ?" ಅಂತ ಕೇಳ್ತಾನೆ. ಅದನ್ನ ನೀನು ಬರೆದಿಲ್ಲ, ತಪ್ಪು ನಿಂದೇ.

ಇನ್ನೊಂದು ಪದ ಕೇಳು ಅಂದೆ. ನನ್ನ ಹತ್ರ ಪದ ಇಲ್ಲ, ಒಂದು ಕೆಲಸ ಇದೆ. ಸುತ್ತಿ ಬಳಸಿ ಹೇಳೋದು ನನಗೆ ಬರಲ್ಲ. ಹೊಟ್ಟೆಯೊಳಗೆ ಒಂದು ಗಡ್ಡೆ ಇದೆ. ತಿಂಗಳುಗಟ್ಟಲೆ ನೋವಿತ್ತು, ನಾನೇ ಮಾತ್ರೆ ನುಂಗಿ ಸುಮ್ಮನಿದ್ದೆ. ಬೇರೆಯವರು ಹಾಗೆ ಮಾಡಿದ್ದರೆ ವಾರ್ಡಿಗೆಲ್ಲ ಕೇಳೋ ಹಾಗೆ ಬೈತಿದ್ದೆ. ಏಪ್ರಿಲ್‌ನಲ್ಲಿ ತೆಗೀತಾರಂತೆ. ಅದು ಎಂಥದ್ದು ಅಂತ ತೆಗೆದಮೇಲೇ ಗೊತ್ತಾಗೋದು. ನಮ್ಮ ಆಸ್ಪತ್ರೆಯಲ್ಲೇ, ನನ್ನ ಹುಡುಗಿಯರೇ ನೋಡ್ಕೋತಾರೆ. ನನಗೆ ಅದರ ಚಿಂತೆ ಇಲ್ಲ.

ಆ ದಿನಗಳಲ್ಲಿ ಗುಂಡ ನಿನ್ನ ಹತ್ರ ಇರಲಿ. ನಾನು ಎದ್ದು ಓಡಾಡೋವರೆಗೆ. ಸ್ನಾನ ಅವನೇ ಮಾಡ್ತಾನೆ, ಬೆನ್ನು ಮಾತ್ರ ನೀನು ಉಜ್ಜಬೇಕು. ಬಿಸಿಯಾದದ್ದನ್ನ ಊದಿ ಕೊಡಬೇಕು. ಗುಡುಗಿದರೆ ಮಂಚದ ಕೆಳಗೆ ಹೋಗ್ತಾನೆ, ಎಳೀಬೇಡ, ಪಕ್ಕದಲ್ಲಿ ನೀನೂ ಕೆಳಗೆ ಕೂತ್ಕೋ. ಇಷ್ಟೇ ಅವನು.

ಬೇಗ ಬರಿ.

ಅಕ್ಕ


ಮಾರ್ಚ್ 2

ಪ್ರೀತಿಯ ಅಕ್ಕನಿಗೆ,

ನಿನ್ನ ಕಾಗದ ಮತ್ತೆ ಮತ್ತೆ ಓದಿದೆ. ಆಪರೇಷನ್ ದಿನ ನಾನು ಬರುತ್ತೇನೆ. ಅದರಲ್ಲಿ ಎರಡು ಮಾತಿಲ್ಲ.

ಗುಂಡನ ವಿಷಯ. ನನ್ನದು ಒಂದೇ ಕೋಣೆ. ಮೆಟ್ಟಿಲು ಏಣಿಯ ಹಾಗಿದೆ, ಅವನಿಗೆ ಮೆಟ್ಟಿಲೆಂದರೆ ಭಯ. ಹಗಲೆಲ್ಲ ನಾನು ಕಚೇರಿಯಲ್ಲಿರುತ್ತೇನೆ. ಈ ಸಂಪುಟ ಜೂನ್ ಒಳಗೆ ಅಚ್ಚಿಗೆ ಹೋಗಲೇಬೇಕೆಂದು ಸಂಪಾದಕರು ತಲೆಯ ಮೇಲೆ ಕೂತಿದ್ದಾರೆ. ಇಂಥವರನ್ನು ನೋಡಿಕೊಳ್ಳುವ ನಿಲಯ ನಿಮ್ಮ ಊರಿನಲ್ಲೇ ಇದೆಯಲ್ಲ. ಕೆಲವು ವಾರಕ್ಕೆ ಅಲ್ಲಿಟ್ಟರೆ ಅವನಿಗೂ ಜೊತೆ ಸಿಗುತ್ತದೆ.

ಇನ್ನೊಂದು ಮಾತು. ಇಪ್ಪತ್ತು ವರ್ಷಗಳಿಂದ ನಾನು ಯಾರ ಜೊತೆಗೂ ಇದ್ದವನಲ್ಲ. ಒಬ್ಬರಿಗೆ ಊದಿ ಕೊಡುವುದು ನನಗೆ ಮರೆತೇ ಹೋಗಿದೆ. ಆನೆಯ ಭಾರ ಆನೆಗೆ, ಇರುವೆಯ ಭಾರ ಇರುವೆಗೆ ಅನ್ನುತ್ತಾರೆ. ನಾನು ಇರುವೆ ಅಕ್ಕ. ಅಷ್ಟು ಹೊರೆ ನನ್ನ ಕೈಲಿ ಆಗದು.

ಕೋಪ ಮಾಡಿಕೊಳ್ಳಬೇಡ.

ನಿನ್ನ ತಮ್ಮ


ಮಾರ್ಚ್ 15

ತಮ್ಮಾ,

ಸರಿ.

ಇಷ್ಟೇ ಬರೆದು ಲಕೋಟೆಗೆ ಹಾಕಿದ್ದೆ. ಅಂಟಿಸೋಕೆ ಮನಸ್ಸು ಬರಲಿಲ್ಲ.

ನೀನು ಹೇಳಿದ ನಿಲಯಕ್ಕೆ ಶನಿವಾರ ಅವನನ್ನ ಕರ್ಕೊಂಡು ಹೋಗಿದ್ದೆ. ಕೆಟ್ಟ ಜಾಗ ಅಲ್ಲ. ನೆಲ ಸ್ವಚ್ಛವಾಗಿದೆ, ನೋಡ್ಕೊಳ್ಳೋ ಹೆಂಗಸು ದಯೆ ಇರೋಳು. ಸಾಲಾಗಿ ಮಂಚ, ಪ್ರತಿ ಮಂಚದ ಹತ್ತಿರ ಒಂದು ಚಿಕ್ಕ ಪೆಟ್ಟಿಗೆ. ಗುಂಡ ಬೆಳಿಗ್ಗೆ ಬೇಗ ಎದ್ದು ಬೂಟು ತಿಕ್ಕಿದ್ದ. ಮಡಿಸಿಟ್ಟ ಅಂಗಿ ಹಾಕ್ಕೊಂಡಿದ್ದ. ಚೀಲ ತೊಡೆ ಮೇಲಿಟ್ಟು ನೆಟ್ಟಗೆ ಕೂತಿದ್ದ. ಆಕೆ ಎಲ್ಲ ತೋರಿಸಿ ಮುಗಿಸಿದಮೇಲೆ ನನ್ನ ಕಿವಿಯಲ್ಲಿ ಕೇಳಿದ: "ಅಣ್ಣ ಯಾವ ಮಂಚದಲ್ಲಿ ಮಲಗ್ತಾನೆ?"

ನಾನು ಅವನಿಗೆ ಸುಳ್ಳು ಹೇಳಿ ಕರ್ಕೊಂಡು ಹೋಗಿರಲಿಲ್ಲ ಕಣೋ. ಚೀಲ ತಗೊಂಡು ಬಸ್ ಹತ್ತೋದು ಅಂದರೆ ಅವನಿಗೆ ನಿನ್ನ ಹತ್ರ ಹೋಗೋದು ಅಂತಲೇ ಅರ್ಥ. ತಾನೇ ಹಾಗೆ ಅಂದ್ಕೊಂಡಿದ್ದಾನೆ.

ನೀನು ಯಾಕೆ ಮನೆ ಬಿಟ್ಟೆ ಅಂತ ನಾನು ಕೇಳಿಲ್ಲ, ನೀನೂ ಹೇಳಿಲ್ಲ. ನೀನು ಮದುವೆ ಆಗಬೇಕು ಅಂತಿದ್ದ ಆ ಹುಡುಗಿ ಒಂದು ಮಧ್ಯಾಹ್ನ ಮನೆಗೆ ಬಂದಿದ್ದಳು. ಗುಂಡ ಅವಳ ಕೈ ಹಿಡ್ಕೊಂಡು ಸಾಯಂಕಾಲದವರೆಗೂ ಬಿಡಲಿಲ್ಲ. ಅವಳು ಮತ್ತೆ ಬರಲಿಲ್ಲ. ಅಮ್ಮ ಆ ವಿಷಯ ಎತ್ತಲೇ ಇಲ್ಲ, ನಾನೂ ಎತ್ತಲಿಲ್ಲ. ಈಗ ಎತ್ತಿದ್ದು ನಿನ್ನ ಮೇಲೆ ತಪ್ಪು ಹೇರೋಕಲ್ಲ. ನಿನಗೂ ಭಾರ ಇದೆ ಅಂತ ನನಗೆ ಗೊತ್ತು ಅಂತ ಹೇಳೋಕೆ.

ಏಪ್ರಿಲ್ ಹತ್ತಕ್ಕೆ ಅವನಿಗೆ ಅಲ್ಲಿ ಜಾಗ ಹೇಳಿ ಬಂದಿದ್ದೀನಿ. ಆಪರೇಷನ್ ಹನ್ನೆರಡಕ್ಕೆ. ಬಿಡುವಾದರೆ ಬಾ.

ಅಕ್ಕ


ಏಪ್ರಿಲ್ 19

ಅಕ್ಕಾ,

ಗುಂಡನನ್ನು ನಿಲಯದಿಂದ ಬಿಡಿಸಿಕೊಂಡು ನನ್ನ ಕೋಣೆಗೇ ಕರೆತಂದೆ. ಊರಿಂದ ಬಸ್ಸು ಹೊರಟು ಇಲ್ಲಿಗೆ ಮುಟ್ಟುವವರೆಗೂ ಅವನು ನನ್ನ ತೋಳು ಬಿಡಲಿಲ್ಲ. ಇವತ್ತಿಗೂ ಅಲ್ಲಿ ನೋವಿದೆ. ನಿನ್ನ ಹೊಲಿಗೆ ಹೇಗಿದೆ? ಆ ದಿನ ನೀನು ಕಣ್ಣು ಬಿಟ್ಟಾಗ ನಾವಿಬ್ಬರೂ ಮಂಚದ ಪಕ್ಕ ನಿಂತಿದ್ದನ್ನು ನೋಡಿ ಗೋಡೆಯ ಕಡೆ ತಿರುಗಿದೆಯಲ್ಲ, ಅದು ನೋವಿಗೋ ಇನ್ನೊಂದಕ್ಕೋ ಅಂತ ದಾರಿಯುದ್ದಕ್ಕೂ ಯೋಚಿಸಿದೆ.

ಮೆಟ್ಟಿಲಿನ ಸಮಸ್ಯೆಗೆ ಅವನೇ ಉಪಾಯ ಹುಡುಕಿದ. ಇಳಿಯುವಾಗ ಒಂದೊಂದೇ ಮೆಟ್ಟಿಲ ಮೇಲೆ ಕೂತು ಜಾರುತ್ತಾ ಬರುತ್ತಾನೆ. ಚಡ್ಡಿ, ಪ್ಯಾಂಟು ಎಲ್ಲ ಹಿಂದುಗಡೆ ಸವೆದು ಪರದೆಯಾಗಿವೆ. ಬೆನ್ನು ಉಜ್ಜಿದರೆ "ಅಕ್ಕ ಚೆನ್ನಾಗಿ ಉಜ್ಜುತ್ತಾಳೆ" ಅಂತಾನೆ. ಮೊನ್ನೆ ಅವನನ್ನು ಕಚೇರಿಗೆ ಕರೆದೊಯ್ದಿದ್ದೆ. ನಾನು ಕಾಫಿ ತರುವಷ್ಟರಲ್ಲಿ ಮೇಜಿನ ಮೇಲಿದ್ದ ಅಚ್ಚಿನ ಕರಡನ್ನೆಲ್ಲ ಹಾಸಿಗೆ ಬಟ್ಟೆಯ ಹಾಗೆ ಅಂಚಿಗೆ ಅಂಚು ಕೂಡಿಸಿ ಮಡಚಿ ಗುಡ್ಡೆ ಹಾಕಿದ್ದ. ದೊಡ್ಡ ಸಂಪಾದಕರು ಮೂಗು ಕೆಂಪು ಮಾಡಿಕೊಂಡು ಕೂಗಾಡಿದರು. ಗುಂಡ ಅವರನ್ನು ಸ್ವಲ್ಪ ಹೊತ್ತು ನೋಡಿ, "ಇವರಿಗೆ ಜ್ವರ ಬಂದಿದೆ" ಅಂದ.

ಬಿಚ್ಚಿ ಬಿಚ್ಚಿ ಓದುವಾಗ ಚಾರ್ಜ್ ಪದದ ಪುಟ ಸಿಕ್ಕಿತು. ಹೊಣೆ ಅಂತ ಬರೆದುಕೊಟ್ಟದ್ದನ್ನು ಅಚ್ಚಿನವರು ಹೊರೆ ಅಂತ ಜೋಡಿಸಿದ್ದರು. ಒಂದೇ ಅಕ್ಷರದ ತಪ್ಪು. ಎರಡೂ ಆ ಪದಕ್ಕೆ ಒಪ್ಪುವ ಅರ್ಥಗಳೇ ಆದ್ದರಿಂದ ತಪ್ಪು ಅಂತ ಗುರುತು ಹಾಕಲು ಪೆನ್ನೆತ್ತಿದವನು ಅದನ್ನು ಮತ್ತೆ ಕೆಳಗಿಟ್ಟೆ.

ಅವನಿಗೆ ನಿನ್ನ ವಿಷಯ ಸಮಾಧಾನ ಹೇಳುವುದೇನೂ ಬೇಕಾಗಲಿಲ್ಲ. ನಿನ್ನ ಕೈಗೆ ಚುಚ್ಚಿದ್ದ ನಳಿಕೆಗಳನ್ನು ನೋಡಿದ್ದಾನಲ್ಲ. ಕೇಳಿದವರಿಗೆಲ್ಲ "ಅಕ್ಕನಿಗೆ ವೈರ್ ಹಾಕಿದ್ದಾರೆ, ಚಾರ್ಜ್ ಆಗ್ತಾ ಇದಾಳೆ" ಅಂತ ಹೇಳುತ್ತಾನೆ.

ಬೇಗ ಹುಷಾರಾಗು.

ನಿನ್ನ ತಮ್ಮ, ಮತ್ತು ಕೆಳಗಿನ ಸೊಟ್ಟ ಗೆರೆ ಗುಂಡನದು


ಏಪ್ರಿಲ್ 30

ಪಂಡಿತ,

ಮಲಗಿಕೊಂಡು ಬರೀತಿದ್ದೀನಿ, ಅಕ್ಷರ ನೋಡಿ ನಗಬೇಡ. ಸೊಟ್ಟ ಗೆರೆಯನ್ನ ದಿಂಬಿನ ಕೆಳಗೆ ಇಟ್ಕೊಂಡಿದ್ದೀನಿ.

ನನ್ನ ವಾರ್ಡಿನಲ್ಲೇ ನಾನು ರೋಗಿ. ಕಿಟಕಿಯ ಪಕ್ಕದ ಮಂಚ. ಎಷ್ಟು ಜನರನ್ನ ಇಲ್ಲಿ ಮಲಗಿಸಿದ್ದೀನಿ, ಆ ಚಾವಣಿಯಲ್ಲಿ ಬಿರುಕಿದೆ ಅಂತ ಒಂದು ದಿನವೂ ನೋಡಿರಲಿಲ್ಲ. ವಾರ್ಡಿನ ಬೀಗದ ಕೈ ಗೊಂಚಲು ಈಗ ನಮ್ಮ ಗುಂಗುರು ಕೂದಲ ಹುಡುಗಿಯೊಬ್ಬಳ ಸೊಂಟದಲ್ಲಿದೆ. ಕೆಲಸಕ್ಕೆ ಸೇರಿದಾಗ ಸೂಜಿ ಹಿಡಿಯೋಕೂ ನಡುಗ್ತಿದ್ದವಳು. ಈಗ ನನಗೇ "ಮಾತಾಡದೆ ನುಂಗಿ ಸಿಸ್ಟರ್" ಅಂತ ಗದರ್ತಾಳೆ. ನುಂಗ್ತೀನಿ.

ಗಡ್ಡೆ ಒಳ್ಳೇದಲ್ಲ ಅಂತ ಡಾಕ್ಟರು ಹೇಳಿದರು. ಬೇರು ಹರಡಿಲ್ಲ, ಆದರೂ ತಿಂಗಳುಗಟ್ಟಲೆ ಚಿಕಿತ್ಸೆ ಬೇಕಂತೆ. ಜೂನ್‌ಗೆ ಎದ್ದು ಹೋಗಿ ಎಲ್ಲರಿಗೂ ನಮಸ್ಕಾರ ಹೇಳಿ ನಿವೃತ್ತಿ ಆಗ್ತೀನಿ ಅಂದ್ಕೊಂಡಿದ್ದೆ. ಇನ್ನು ಹಾಸಿಗೆಯಿಂದಲೇ ಆಗೋದು.

ಗುಂಡನ ಬಗ್ಗೆ ಏನೂ ಕೇಳಲ್ಲ. ನೀನೇ ಹೇಳು.

ಸಾಯಂಕಾಲ ಬೇರೆಯವರನ್ನ ನೋಡೋಕೆ ಜನ ಬರ್ತಾರೆ. ಆ ಹೊತ್ತಿಗೆ ನಾನು ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಕೊಂಡಿರ್ತೀನಿ.

ಅಕ್ಕ


ಜೂನ್ 28

ಅಕ್ಕಾ,

ಗುಂಡ ಇಲ್ಲೇ ಇರುತ್ತಾನೆ ಅಂತ ನಿನ್ನ ಕಾಗದ ಬಂದ ದಿನವೇ ಫೋನಿನಲ್ಲಿ ಹೇಳಿದೆ. ಆದರೆ ಅವನು ಪಕ್ಕದಲ್ಲಿ ಕಿವಿ ಆನಿಸಿ ನಿಂತಿದ್ದರಿಂದ ಉಳಿದದ್ದನ್ನು ಹೇಳಲಾಗಲಿಲ್ಲ. ನೀನು ಯಾಕೆ ಕಾಗದ ಬರೆಯುತ್ತಿದ್ದೆ ಅಂತ ಈಗ ತಿಳಿಯಿತು.

ಅವನಿಗೆ ಕೆಲಸ ಸಿಕ್ಕಿದೆ. ನಗಬೇಡ, ನಿಜವಾದ ಕೆಲಸ. ನಾನು ಕಚೇರಿಯಲ್ಲಿದ್ದಾಗ ಅವನು ಕೆಳಗೆ ಬೈಂಡಿಂಗ್ ಅಂಗಡಿಯ ಬಾಗಿಲಲ್ಲಿ ಕೂತಿರುತ್ತಿದ್ದ. ಅಲ್ಲಿ ಅಚ್ಚಾದ ದೊಡ್ಡ ಹಾಳೆಗಳನ್ನು ಹೊಲಿಯುವ ಮೊದಲು ಮಡಚಬೇಕು. ಒಂದು ದಿನ ಯಾರೂ ಕೇಳದೆಯೇ ತಾನೇ ಮಡಚಲು ಶುರುಮಾಡಿದನಂತೆ. ಯಜಮಾನರು ಮೇಲೆ ಬಂದು, "ಸಾರ್, ನಿಮ್ಮ ತಮ್ಮನ್ನ ನನಗೆ ಕೊಡಿ" ಅಂದರು. ಬೆಳಿಗ್ಗೆ ನನಗಿಂತ ಮೊದಲೇ ಕೂತು ಜಾರಿ ಕೆಳಗಿಳಿಯುತ್ತಾನೆ. ಮಧ್ಯಾಹ್ನ ಅವರೆಲ್ಲ ಡಬ್ಬಿ ಬಿಚ್ಚಿದಾಗ ಇವನಿಗೊಂದು ಪಾಲು. ಅವನು ನಗುವುದು ನನ್ನ ಕೋಣೆಗೆ ಕೇಳುತ್ತದೆ.

ಇನ್ನು ಪದದ ವಿಷಯ. ಚಾರ್ಜ್ ಮೊನ್ನೆ ಮುಗಿಯಿತು, ಎರಡು ಅಂಕಣ ತುಂಬ. ಹೊಣೆಯನ್ನು ಸರಿಮಾಡಿದೆ. ಹೊರೆಯನ್ನು ತೆಗೆಯಲಿಲ್ಲ, ಮೊದಲನೆಯ ಅರ್ಥವಾಗಿ ಮೇಲೆ ಹಾಕಿದೆ. ಕೊನೆಯಲ್ಲಿ ಒಂದು ಅರ್ಥ ಉಳಿದಿತ್ತು. ಇಂಗ್ಲಿಷಿನಲ್ಲಿ ಹೊಣೆ ಹೊತ್ತವರನ್ನಷ್ಟೇ ಅಲ್ಲ, ಅವರ ಕೈಗೆ ಒಪ್ಪಿಸಿದ ಜೀವವನ್ನೂ ಚಾರ್ಜ್ ಅನ್ನುತ್ತಾರೆ. ದಾದಿ ನೋಡಿಕೊಳ್ಳುವ ಮಗು ಅವಳ ಚಾರ್ಜು. ನಮ್ಮ ಮಾತಿನಲ್ಲಿ ಇದಕ್ಕೆ ಒಂದೇ ಪದ ಸಿಗಲಿಲ್ಲ. ವಾರವೆಲ್ಲ ಹುಡುಕಿದೆ. ಕೊನೆಗೆ "ನಂಬಿ ಒಪ್ಪಿಸಿದ ಜೀವ" ಅಂತ ಬರೆದೆ. ಸಂಪಾದಕರು ಉದ್ದವಾಯಿತು ಅಂದರು. ಆಗಲಿ ಅಂದೆ. ಅವರ ಮಾತಿಗೆ ಎದುರಾಡಿದ್ದು ಇದೇ ಮೊದಲು.

ಚಿಕಿತ್ಸೆ ಮುಗಿದಮೇಲೆ ಬಂದು ಅವನನ್ನು ನೋಡು. ನನ್ನನ್ನೂ.

ನಿನ್ನ ತಮ್ಮ


ಸೆಪ್ಟೆಂಬರ್ 3

ತಮ್ಮಾ,

ಸುಖವಾಗಿ ಬಂದು ಸೇರಿದೆ. ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿತ್ತು. ಪಕ್ಕದ ಸೀಟಿನಲ್ಲಿ ಚೀಲ ಇಟ್ಕೊಂಡೆ. ಆ ಸೀಟಿನ ಟಿಕೆಟ್ಟು ಗುಂಡನಿಗೆ ಅಂತ ತೆಗೆಸಿದ್ದು.

ಗುಂಡನನ್ನ ಕರ್ಕೊಂಡು ಹೊರಡ್ತೀನಿ ಅಂದ ದಿನ ನೀನು ನನ್ನ ಮುಖ ನೋಡೋಕೆ ಹೆದರಿ ಹಾಲು ತರೋ ನೆಪದಲ್ಲಿ ಹೊರಗೆ ಹೋದೆ. ನೀನಿಲ್ಲದಾಗ ನಡೆದದ್ದನ್ನ ಹೇಳ್ತೀನಿ, ಕೇಳು. ಅವನ ಬಟ್ಟೆಯನ್ನೆಲ್ಲ ಚೀಲಕ್ಕೆ ತುಂಬಿ ಕೆಳಗೆ ಅಂಗಡಿಗೆ ಹೋದೆ. ಹಾಳೆ ಮಡಚ್ತಾ ಇದ್ದ. ಮೈಯೆಲ್ಲ ಅಂಟಿನ ವಾಸನೆ. "ಗುಂಡ, ಏಳು, ಮನೆಗೆ ಹೋಗೋಣ" ಅಂದೆ.

"ಇದು ಮುಗೀಬೇಕು" ಅಂದ.

"ಎಷ್ಟು ಹೊತ್ತಾಗುತ್ತೆ?"

ಪಕ್ಕದ ಗುಡ್ಡೆ ತೋರಿಸಿದ. ಅವನ ತಲೆಗಿಂತ ಎತ್ತರ ಇತ್ತು. "ಆಮೇಲೆ ಇನ್ನೂ ಬರುತ್ತೆ" ಅಂದ.

"ನಾನು ಹುಷಾರಾಗಿದ್ದೀನಿ ಕಣೋ. ನಿನ್ನ ಕರ್ಕೊಂಡು ಹೋಗೋಕೆ ಬಂದಿದ್ದೀನಿ."

ಆಗ ಕೈ ನಿಲ್ಲಿಸಿ ನನ್ನ ಮುಖ ನೋಡಿದ. ಅಳ್ತಾನೆ, ತಬ್ಬಿಕೊಳ್ತಾನೆ ಅಂದ್ಕೊಂಡೆ. ಕೈಯನ್ನ ಪ್ಯಾಂಟಿಗೆ ಒರೆಸಿ ನನ್ನ ಕೆನ್ನೆ ಮುಟ್ಟಿ, "ನೀನು ಹೋಗಿ ಬಾ ಅಕ್ಕ" ಅಂದ. ನಾನು ಡ್ಯೂಟಿಗೆ ಹೊರಟಾಗ ಅಮ್ಮ ಹೇಳ್ತಿದ್ದಳಲ್ಲ, ಥೇಟ್ ಹಾಗೆ.

ಬಲವಂತ ಮಾಡಬಹುದಿತ್ತು. ನಾನು ಕೈ ಹಿಡಿದು ಎಳೆದರೆ ಅವನು ಬಂದೇ ಬರ್ತಿದ್ದ, ಇಲ್ಲ ಅನ್ನೋದು ಅವನಿಗೆ ಬರಲ್ಲ. ಹಿಡಿಯಲಿಲ್ಲ. ಚೀಲ ಮತ್ತೆ ಮೇಲೆ ತಗೊಂಡು ಹೋಗಿ ಅವನ ಅಂಗಿಗಳನ್ನ ಒಂದೊಂದಾಗಿ ಗೂಟಕ್ಕೆ ಹಾಕಿದೆ. ನೀನು ಹಾಲು ತರುವಾಗ ನಾನು ಅದನ್ನೇ ಮಾಡ್ತಿದ್ದೆ.

ಇಲ್ಲಿ ಏನು ಸಮಾಚಾರ ಅಂದರೆ ಏನೂ ಇಲ್ಲ. ಡಾಕ್ಟರು ಇನ್ನು ಮೂರು ತಿಂಗಳು ಬಿಟ್ಟು ಬನ್ನಿ ಅಂದಿದ್ದಾರೆ. ವಾರ್ಡಿಗೆ ಒಂದು ಸಲ ಹೋಗಿದ್ದೆ, ಹುಡುಗಿಯರು ಕುರ್ಚಿ ಹಾಕಿ ಕೂರಿಸಿದರು. ಅಲ್ಲಿ ಯಾವತ್ತೂ ಕೂತವಳಲ್ಲ, ಕೂರೋಕಾಗದೆ ಎದ್ದು ಬಂದೆ.

ನಿನ್ನೆ ಮಧ್ಯಾಹ್ನ ಚಿಲಕ ಹಾಕ್ಕೊಳ್ಳದೆ ಮಲಗಿದೆ. ಗುಂಡ ಹುಟ್ಟಿದಾಗಿನಿಂದ ಈ ಮನೆಯಲ್ಲಿ ಯಾರೂ ಹಾಗೆ ಮಲಗಿಲ್ಲ. ಅವನು ಬೀದಿಗೆ ಹೋಗಿಬಿಟ್ಟರೆ ಅಂತ ಮೇಲಿನ ಚಿಲಕ, ಕೆಳಗಿನ ಚಿಲಕ ಎರಡೂ ಹಾಕಿ, ಆಮೇಲೂ ಒಂದು ಕಣ್ಣು ತೆರೆದೇ ಮಲಗೋದು. ನಿನ್ನೆ ಹಾಗೇ ನಿದ್ದೆ ಹತ್ತಿಬಿಡ್ತು. ಎಚ್ಚರ ಆದಾಗ ಹೊತ್ತು ಇಳಿದಿತ್ತು, ಗಾಳಿಗೆ ಬಾಗಿಲು ಹಾರು ಹೊಡೆದಿತ್ತು. ಚಪ್ಪಲಿಯೂ ಇಲ್ಲದೆ ಗೇಟಿನವರೆಗೆ ಓಡಿದೆ, ಬೀದಿಯ ಈ ತುದಿ ನೋಡಿದೆ, ಆ ತುದಿ ನೋಡಿದೆ. ಎದುರುಮನೆಯಾಕೆ ಒಣಗಿದ ಬಟ್ಟೆ ತೆಗೀತಾ ಇದ್ದವರು, "ಯಾರನ್ನ ಹುಡುಕ್ತಿದ್ದೀರಿ ಸಿಸ್ಟರ್?" ಅಂದರು.

ನಿಂತೆ. ಗೇಟು ಹಿಡ್ಕೊಂಡೆ.

"ಯಾರನ್ನೂ ಇಲ್ಲ" ಅಂದೆ.

ಆಕೆ ಬುಟ್ಟಿ ಕೆಳಗಿಟ್ಟು, "ಹಾಗಾದರೆ ಬನ್ನಿ, ಟೀ ಕುಡಿಯೋಣ" ಅಂದರು. ಇಷ್ಟು ವರ್ಷ ಎದುರುಬದುರು ಇದ್ದು ಆ ಮನೆಯ ಒಳಗೆ ನಾನು ಕಾಲಿಟ್ಟಿರಲಿಲ್ಲ, ಬಿಡುವೇ ಇರಲಿಲ್ಲವಲ್ಲ. ಹೋದೆ. ಕಾಲೆಲ್ಲ ಮಣ್ಣಾಗಿತ್ತು, ಅವರ ಹಿತ್ತಲಲ್ಲೇ ತೊಳ್ಕೊಂಡೆ. ಆಕೆ ಏನೇನೋ ಮಾತಾಡಿದರು. ದೀಪ ಹಚ್ಚೋವರೆಗೆ ಕೂತಿದ್ದೆ.

ಅಕ್ಕ